ಸ್ವಲ್ಪ ಒರಟು

ಹಳೆಯ ರೈಲುಹಳಿ ಕಿತ್ತ ಜಾಗದಲ್ಲಿ ಮೆಲ್ಬರ್ನಿನಾಚೆಯ ಗಿಪ್ಸ್‌ಲ್ಯಾಂಡಿನ ಒಂದು ಊರಿನವರು ಸೈಕಲ್ ದಾರಿ ಮಾಡಿಕೊಂಡಿದ್ದರು. ಕಾರು ನುಗ್ಗದಂತೆ ಎರಡೂ ತುದಿಗೆ ಕಬ್ಬಿಣದ ಗೂಟ. ದಾರಿ ಎಲ್ಲೆಲ್ಲಿ ಹೇಗಿದೆ ಎಂದು ನೋಡಿ ಫಲಕ ಬರೆದು ನೆಡುವುದು ಕ್ಲೆಮ್‌ನ ಕೆಲಸ. ಅವನಿಗೆ ಗೊತ್ತಿದ್ದದ್ದು ಎರಡೇ ಮಾತು. ನುಣ್ಣಗಿದ್ದರೆ ‘ಪರವಾಗಿಲ್ಲ’. ದೇವರೇ ಕಾಪಾಡಬೇಕು ಅನ್ನುವಂತಿದ್ದರೆ ‘ಸ್ವಲ್ಪ ಒರಟು’. ಊರಿನವರಿಗೆ ಅದು ಅರ್ಥವಾಗುತ್ತಿತ್ತು, ಅಲ್ಲಿ ಎಲ್ಲರೂ ಮಾತಾಡುವುದೇ ಹಾಗೆ. ಮನೆ ಸುಟ್ಟುಹೋದವನೂ ‘ಸ್ವಲ್ಪ ತೊಂದರೆ ಆಯ್ತು’ ಅನ್ನುತ್ತಾನೆ. ಕಷ್ಟವನ್ನು ದೊಡ್ಡದು ಮಾಡಿ ಹೇಳುವುದೆಂದರೆ ಅವರಿಗೆ ನಾಚಿಕೆಗೇಡು.

ಹೊರಗಿನವರಿಗೆ ಈ ಮರ್ಮ ಹೇಗೆ ಗೊತ್ತಾಗಬೇಕು? ಮಳೆಗೆ ಮಣ್ಣು ಕೊಚ್ಚಿಹೋಗಿ ಕೊರಕಲು ಬಿದ್ದ ಕಡೆ, ಮೆಲ್ಬರ್ನಿನ ಹೆಂಗಸೊಬ್ಬಳು ಕ್ಲೆಮ್‌ನ ‘ಸ್ವಲ್ಪ ಒರಟು’ ಫಲಕ ನಂಬಿ ಸೈಕಲ್ ತುಳಿದು ಸೊಂಟ ಮುರಿದುಕೊಂಡಳು. ಇನ್ನು ಮೇಲೆ ‘ದಾರಿ ಕುಸಿದಿದೆ, ಇಳಿದು ನಡೆಯಿರಿ’ ಎಂದೇ ಬರೆಯಬೇಕು ಅಂತ ಸಭೆಯಲ್ಲಿ ಹಟ ಹಿಡಿದವಳು ಅವನ ಹೆಂಡತಿ ಬೆರಿಲ್.

ಹೊಸ ಫಲಕ ನೆಡಲು ಗಂಡ ಹೆಂಡತಿ ಇಬ್ಬರೂ ಹೋದರು. ಮೊದಲು ಆಚೆ ಬದಿಯದನ್ನು ಮುಗಿಸೋಣ ಎಂದು ಸೈಕಲ್ ಹೊತ್ತು ಕೊರಕಲು ದಾಟಿದರು. ಗುಂಡಿ ತೋಡುತ್ತ ಕ್ಲೆಮ್ ಗೊಣಗಿದ.

“ಇಷ್ಟುದ್ದ ಬರೀಬೇಕಾ? ಜನಕ್ಕೆ ಕಣ್ಣಿಲ್ವಾ?”

“ಕಣ್ಣಿದೆ ಮಾರಾಯ. ನಿನ್ನ ನಿಘಂಟು ಇಲ್ಲ ಅಷ್ಟೇ.”

ಕ್ಲೆಮ್ ನಕ್ಕ. ಆಮೇಲೆ ಗುದ್ದಲಿ ಬಿಟ್ಟು ಕೂತುಬಿಟ್ಟ.

“ಯಾಕೋ, ಏನಾಯ್ತು?”

“ಏನಿಲ್ಲ ಕಣೆ. ಎದೆ ಸ್ವಲ್ಪ ಹಿಡ್ಕೊಂಡಂಗಿದೆ. ಟೀ ಕೊಡು.”

ಅವನ ‘ಸ್ವಲ್ಪ’ ಎಂದರೆ ಎಷ್ಟು ಎಂದು ಬೆರಿಲ್‌ಗೆ ಗೊತ್ತಿಲ್ಲವೇ? ಟೀ ಫ್ಲಾಸ್ಕ್ ಮುಟ್ಟದೆ ಆಂಬುಲೆನ್ಸ್‌ಗೆ ಫೋನ್ ಮಾಡಿದಳು.

ಆಂಬುಲೆನ್ಸ್ ಬೇಗನೇ ಬಂತು. ಅವರಿಬ್ಬರೂ ಬಂದಿದ್ದ ತುದಿಯ ಗೂಟದ ಹತ್ತಿರ ನಿಂತು ಅದರಲ್ಲಿದ್ದ ಹುಡುಗಿ ಫೋನ್ ಮಾಡಿದಳು. “ಅಮ್ಮಾ, ಗಾಡಿ ಇಲ್ಲಿಂದ ಮುಂದೆ ಬರಲ್ಲ. ಸಾಮಾನೆಲ್ಲ ಚಕ್ರದ ಸ್ಟ್ರೆಚರ್ ಮೇಲೆ ಹಾಕ್ಕೊಂಡು ತಳ್ಕೊಂಡು ಬರ್ಲಾ? ದಾರಿ ಹೇಗಿದೆ?”

ಕ್ಲೆಮ್ ಅವಳ ಮುಖವನ್ನೇ ನೋಡುತ್ತಿದ್ದ. ಅವನನ್ನು ಹೆದರಿಸಬಾರದಿತ್ತು. ನಾಲಿಗೆಗೆ ಹುಟ್ಟಿದಾಗಿನಿಂದ ಇದ್ದ ಅಭ್ಯಾಸ ಬೇರೆ.

“ಸ್ವಲ್ಪ ಒರಟು, ಅಷ್ಟೇ,” ಅಂದಳು.

“ಈಗ ಸರಿಯಾಗಿ ಹೇಳ್ದೆ ನೋಡು,” ಎಂದು ಕ್ಲೆಮ್ ತುಟಿ ಅರಳಿಸಿದ.

ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಕೊರಕಲಿನ ಕಡೆಯಿಂದ ಕೂಗಾಟ ಕೇಳಿದಾಗ ಬೆರಿಲ್‌ಗೆ ತಾನು ಏನು ಹೇಳಿದೆ ಎಂಬುದು ತಿಳಿಯಿತು. ಅವನ ಕೈ ಬಿಡಿಸಿಕೊಂಡು ಓಡಿದಳು. ಸ್ಟ್ರೆಚರ್ ಮಗುಚಿ ಕೆಸರಿನಲ್ಲಿ ಹೂತಿತ್ತು. ಅದಕ್ಕೆ ಕಟ್ಟಿದ್ದ ಯಂತ್ರ, ಔಷಧದ ಚೀಲ ಎಲ್ಲ ಅದರಡಿ ಸಿಕ್ಕಿದ್ದವು. ಹುಡುಗಿಯೂ ಜೊತೆಯವನೂ ಎಳೆಯುತ್ತಿದ್ದರು.

“ದಾರಿನೇ ಇಲ್ಲ ಇಲ್ಲಿ! ಬಿಟ್ಬಿಡಿ ಅದನ್ನ, ಸಾಯ್ತಿದಾನೆ ನನ್ನ ಗಂಡ!” ಎಂದು ಬೆರಿಲ್ ಅರಚಿದಳು. ತಾನೂ ಕೆಸರಿಗೆ ಇಳಿದು ಬೆರಳಿನಿಂದ ಮಣ್ಣು ಬಗೆದಳು. ಚೀಲ ಕಿತ್ತುಕೊಂಡು ಮೂವರೂ ಓಡಿದರು.

ಕ್ಲೆಮ್ ಗುಂಡಿಯ ಪಕ್ಕದಲ್ಲಿ ವಾಲಿ ಬಿದ್ದಿದ್ದ. ಹುಡುಗಿ ತನ್ನ ಕೈಲಾದದ್ದನ್ನೆಲ್ಲ ಮಾಡಿದಳು. ಕೊನೆಗೆ ಬೆರಿಲ್‌ಳ ಹೆಗಲು ಮುಟ್ಟಿ ಮೆಲ್ಲಗೆ ಕೇಳಿದಳು, “ಕೊನೇಲಿ ಏನಾದ್ರೂ ಹೇಳಿದ್ರಾ ಅಮ್ಮಾ?”

“ಗೊತ್ತಿಲ್ಲ. ನಾನು ಹತ್ರ ಇರ್ಲಿಲ್ಲ,” ಎಂದಳು ಬೆರಿಲ್. ಆಮೇಲೆ ಆ ಊರಿನಲ್ಲಿ ಯಾರೂ ಅಳದಷ್ಟು ಜೋರಾಗಿ ಅತ್ತಳು.