ತಾಯಿಮರದ ಎಣ್ಣೆ

ಹತ್ತು ತಿಂಗಳ ಬೆನ್ಯಾಗೆ ಹಲ್ಲು ಬರುವ ಕಾಲ. ಸಪರುವಾ ದ್ವೀಪದ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅಜ್ಜಿ ಮಾರ್ತಿನ್ಚೆ ಲವಂಗದೆಲೆಯ ಎಣ್ಣೆಗೆ ಬೆರಳದ್ದಿ ಮಗುವಿನ ಒಸಡಿಗೆ ಸವರುತ್ತಿದ್ದಳು.

ಎಣ್ಣೆ ಅಂತಿಂಥದ್ದಲ್ಲ. ಆ ಊರಲ್ಲಿ ಮಗು ಹುಟ್ಟಿದರೆ ಅದರ ಹೆಸರಲ್ಲಿ ಒಂದು ಲವಂಗದ ಸಸಿ ನೆಡುತ್ತಾರೆ. ಮಾರ್ತಿನ್ಚೆಯ ಮಗಳು, ಬೆನ್ಯಾನ ತಾಯಿ ಯೊಮಿಮಾ ಹುಟ್ಟಿದಾಗ ನೆಟ್ಟ ಮರ ಈಗ ಮನೆಗಿಂತ ಎತ್ತರ. ಅದರ ಉದುರೆಲೆ ಗುಡಿಸಿ, ಊರಿನ ಹಂಡೆಯಲ್ಲಿ ಬೇಯಿಸಿ ಭಟ್ಟಿ ಇಳಿಸಿದ ಎಣ್ಣೆ ಅದು.

ಮಕ್ಕಳ ತೂಕ ನೋಡುವ ದಿನ ಆರೋಗ್ಯ ಕಾರ್ಯಕರ್ತೆ ಲೆವಿನಾ ಬೆನ್ಯಾನ ಬಾಯಿ ನೋಡಿದಳು.

“ಏನಜ್ಜಿ, ಒಸಡು ಬೆಂದ ಹಾಗಿದೆ. ಎಣ್ಣೆ ಹಚ್ಚಿದ್ರಾ?”

“ಹಚ್ಚದೆ? ಲವಂಗದ ಮರದ ಕೆಳಗೇ ಬೆಳೆದವಳು ನೀನು. ನೀನೇ ಹೆದರಿದ್ರೆ ಮೀನು ನೀರಿಗೆ ಹೆದರಿದ ಹಾಗಾಯ್ತು!”

ತೂಕಕ್ಕೆ ಮಕ್ಕಳನ್ನು ತಂದಿದ್ದ ಹೆಂಗಸರೆಲ್ಲ ನಕ್ಕರು. ಲೆವಿನಾಳೂ ನಕ್ಕಳು, ಮಾತು ಮಾತ್ರ ಬಿಡಲಿಲ್ಲ.

“ಮೀನಿನ ಸಾರಿಗೆ ನಾಲ್ಕು ಲವಂಗ ಹಾಕಿ, ನಾನೂ ಉಣ್ಣೋಕೆ ಬರ್ತೀನಿ. ಎಣ್ಣೆ ಮಾತು ಬೇರೆ. ಲವಂಗದ ಘಮಕ್ಕೆ ಕಾರಣ ಯುಜೆನಾಲ್ ಅನ್ನೋ ಸತ್ವ. ಈ ಎಣ್ಣೆಯಲ್ಲಿ ಬಹುಪಾಲು ಅದೇ. ಒಂದೆರಡು ಚಮಚ ಹೊಟ್ಟೆಗೆ ಹೋದ್ರೂ ಎಳೇ ಮಗುಗೆ ಫಿಟ್ಸ್ ಬರಬಹುದು, ಲಿವರ್ ಕೆಡಬಹುದು.”

“ಅಂಗಡಿ ಎಣ್ಣೆ ಹಾಗಿರಬಹುದು. ಇದು ಅವನ ತಾಯಿಯ ಮರ ಕಣೇ. ತಾಯಿಮರ ಮಗೂಗೆ ವಿಷ ಇಡುತ್ತಾ?”

“ಮರಕ್ಕೆ ನೆಂಟಸ್ತಿಕೆ ಗೊತ್ತಿರಬಹುದು ಅಜ್ಜಿ, ಎಣ್ಣೆಗೆ ಗೊತ್ತಿಲ್ಲ.”

ಮರುವಾರ ಯೊಮಿಮಾ ಸಂತೆಗೆ ಹೋಗಿದ್ದಳು. ಮಗುವಿನ ಹೊಟ್ಟೆ ಉಬ್ಬರಿಸಿತ್ತು, ಅಳು ನಿಲ್ಲಲಿಲ್ಲ. ಮಾರ್ತಿನ್ಚೆ ಸಾಗೋ ಹಿಟ್ಟಿನ ಗಂಜಿಗೆ ಒಂದು ದೊಡ್ಡ ಚಮಚ ಎಣ್ಣೆ ಕಲಸಿ ಕುಡಿಸಿದಳು. ಮಗು ಕೆಮ್ಮಿತು, ಆಮೇಲೆ ಸುಮ್ಮನಾಯಿತು, ಕಣ್ಣು ಮುಚ್ಚಿತು. ‘ಎಷ್ಟು ಚೆನ್ನಾಗಿ ನಿದ್ದೆ ಬಂತು, ಲೆವಿನಾ ಬಂದು ನೋಡಲಿ’ ಎಂದುಕೊಂಡು ಅವಳು ಅಂಗಳದಲ್ಲಿ ಲವಂಗದ ಮೊಗ್ಗು ಒಣಗಲು ಹರವುತ್ತ ಕೂತಳು.

ಅದು ನಿದ್ದೆಯಾಗಿರಲಿಲ್ಲ. ಯೊಮಿಮಾ ಬಂದು ಎತ್ತಿಕೊಂಡಾಗ ಮಗುವಿನ ಕೈಕಾಲು ಸೆಟೆದು ಅದುರುತ್ತಿದ್ದವು. ಕೂಗು ಕೇಳಿ ಲೆವಿನಾ ಓಡಿಬಂದಳು. ಅಜ್ಜಿ ವಾಂತಿ ಮಾಡಿಸಲು ಮಗುವಿನ ಬಾಯಿಗೆ ಬೆರಳು ಹಾಕಹೊರಟಿದ್ದಳು.

“ಬೇಡ!” ಲೆವಿನಾ ತಡೆದಳು. “ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತೆ. ಬಾಟಲಿ ತನ್ನಿ. ಎಷ್ಟು ಕೊಟ್ರಿ, ಯಾವಾಗ ಕೊಟ್ರಿ, ನಿಜ ಹೇಳಿ.”

ಮೋಟಾರು ದೋಣಿಯಲ್ಲಿ ಕಡಲು ದಾಟಿ ಅಂಬೋನ್ ಪಟ್ಟಣದ ಆಸ್ಪತ್ರೆ ಸೇರಿದರು. ಬೆನ್ಯಾ ಬದುಕಿದ. ಆದರೆ ರಕ್ತದ ಸಕ್ಕರೆ ಬಹಳ ಹೊತ್ತು ಇಳಿದೇ ಇತ್ತು, ಮಿದುಳಿಗೆ ಪೆಟ್ಟಾಗಿತ್ತು. “ಮಂಪರು ಬಂದ ಕೂಡಲೇ ತಂದಿದ್ದರೆ ಇಷ್ಟು ಪೆಟ್ಟಾಗದೆ ಇರಬಹುದಿತ್ತು” ಎಂದರು ಡಾಕ್ಟರು.

ಈಗ ಅವನಿಗೆ ಮೂರು ವರ್ಷ. ಬಲಗೈ ಚಮಚ ಹಿಡಿಯುವುದಿಲ್ಲ. ಒಂದು ದಿನ ಅದನ್ನು ನೋಡಲಾರದೆ ಮಾರ್ತಿನ್ಚೆ, “ಆ ಮರ ಕಡಿಸಿಬಿಡೇ” ಅಂದಳು.

“ಮರ ಏನು ಮಾಡ್ತಮ್ಮಾ?” ಅಂದಳು ಯೊಮಿಮಾ. ಅಷ್ಟೇ. ಉಳಿದದ್ದನ್ನು ಅವಳು ಇಂದಿಗೂ ಆಡಿಲ್ಲ.

ತೂಕದ ದಿನ ಮಾರ್ತಿನ್ಚೆ ಈಗ ಲೆವಿನಾಳ ಪಕ್ಕ ಕೂರುತ್ತಾಳೆ. ಯಾರಾದರೂ ಎಣ್ಣೆಯ ಮಾತೆತ್ತಿದರೆ ಉಪದೇಶ ಮಾಡುವುದಿಲ್ಲ. “ನಮ್ಮ ಬೆನ್ಯಾ ಊಟ ಮಾಡೋದನ್ನ ಒಂದ್ಸಲ ನೋಡಿ ಹೋಗಿ” ಅನ್ನುತ್ತಾಳೆ.

ಲವಂಗದ ಎಣ್ಣೆಯ ಸೀಸೆ ನಿಮ್ಮ ಮನೆಯಲ್ಲೂ ಇರಬಹುದು. ಇವತ್ತೇ ಅದನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಎಳೆಮಕ್ಕಳ ಒಸಡಿಗೆ ಹಚ್ಚಬೇಡಿ, ಹೊಟ್ಟೆಗೆ ಕೊಡಬೇಡಿ. ಮಗು ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಸೀಸೆಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ. ಮಗು ಸುಮ್ಮನಾಯಿತೆಂದು ಕಾಯಬೇಡಿ. ಮಾರ್ತಿನ್ಚೆ ಕಾದಿದ್ದಳು.