ಹದಿನಾಲ್ಕು ಬಾವಿಗಳ ನಾಲಿಗೆ

ನನ್ನ ಸೋದರಮಾವನ ಬಾಯಿಗೆ ನೀರು ಹೋಯಿತೆಂದರೆ ಅದು ವಿಚಾರಣೆಗೆ ನಿಂತಿತೆಂದೇ ಅರ್ಥ. ಗುಟುಕನ್ನು ಕೆನ್ನೆಯೊಳಗೆ ಹಿಡಿದು, ಎಡಗಣ್ಣು ಮುಚ್ಚಿ, ತುಟಿ ಬಿಗಿದು ಅವರು ನಿಂತಾಗ, ತೀರ್ಪು ಹೊರಬೀಳುವ ತನಕ ಸುತ್ತ ನಿಂತವರೂ ಉಸಿರು ಬಿಗಿಹಿಡಿಯಬೇಕಿತ್ತು.

ಸಮುದ್ರಕ್ಕೆ ಬೆನ್ನು ಹಾಕಿದ ಆ ಬೀದಿಯಲ್ಲಿ ಹದಿನಾಲ್ಕು ಮನೆ, ಹದಿನಾಲ್ಕು ಬಾವಿ. ಕೆಳಗಿನ ನೀರು ಮಾತ್ರ ಒಂದೇ. ಅತಿಯಾಗಿ ಎಳೆದರೆ ಸಿಹಿನೀರು ತಗ್ಗಿ, ಆ ತೆರವಿಗೆ ಕಡಲು ನೆಲದಡಿಯಿಂದಲೇ ನುಗ್ಗುತ್ತದೆ. ಹಾಗಾಗಿ ಬೀದಿಯವರೆಲ್ಲ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಪ್ರತಿ ಸೋಮವಾರ ಮಾವ ಎಲ್ಲ ಬಾವಿಗಳ ನೀರನ್ನೂ ಸವಿಯಬೇಕು, ಅವರು ಹೇಳಿದಷ್ಟು ಹೊತ್ತೇ ಪಂಪು ಓಡಬೇಕು. ಜೋತುಬಿದ್ದ ಖಾಕಿ ಕೋಟು, ಜೇಬಿನಲ್ಲೊಂದು ಸ್ಟೀಲ್ ಲೋಟ, ಬಲಗಾಲನ್ನು ತುಸು ಎಳೆಯುವ ಆ ನಡಿಗೆ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಕದ್ದು ಪಂಪು ಹಾಕಿದವರು ಎದ್ದುಬಿದ್ದು ಓಡಿ ಸ್ವಿಚ್ ಆರಿಸುತ್ತಿದ್ದರು.

ಉಪ್ಪು ಅಳೆಯುವ ಯಂತ್ರವನ್ನು ನೀರಿನ ಕಚೇರಿಯವರು ಕೊಟ್ಟಿದ್ದರು. ಅದು ಪೆಟ್ಟಿಗೆ ಬಿಟ್ಟು ಹೊರಗೆ ಬಂದದ್ದೇ ಇಲ್ಲ. "ನನ್ನ ನಾಲಿಗೆಗೆ ಬ್ಯಾಟರಿ ಬೇಕಾ?" ಎನ್ನುತ್ತಿದ್ದರು ಮಾವ.

ನಾನು ಊರು ಬಿಟ್ಟು, ಐದು ವರ್ಷಗಳ ನಂತರ ಅವರ ಮನೆಗೆ ಹೋದಾಗ ಅತ್ತೆ ನೀರು ಕೊಟ್ಟರು. ಒಂದು ಗುಟುಕು ಬಾಯಿಗೆ ಹಾಕಿದವಳು ಅಂಗಳಕ್ಕೆ ಓಡಿ ಉಗುಳಿಬಿಟ್ಟೆ.

"ಅತ್ತೆ, ಇದಕ್ಕೇನು ಹಾಕಿದ್ರಿ? ಬರೀ ಉಪ್ಪು!"

"ಏನೂ ಹಾಕಿಲ್ವಲ್ಲೇ. ನಮ್ಮ ಬಾವಿ ನೀರೇ."

ಮಾವ ಲೋಟ ಕಸಿದುಕೊಂಡರು. ಎಡಗಣ್ಣು ಮುಚ್ಚಿತು. "ಸಕ್ಕರೆ ಇದ್ದ ಹಾಗಿದೆ ಕಣೇ," ಎಂದರು.

ಸುಳ್ಳಾಡುವುದು ಅವರ ಜಾಯಮಾನವೇ ಅಲ್ಲ. ಅದಕ್ಕೇ ನಾನು ಪೆಟ್ಟಿಗೆ ತೆರೆದೆ. ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ ಲೋಟದೊಳಗೆ ಅದ್ದಿದರೆ, ಅಂಕಿ ಏರುತ್ತ ಏರುತ್ತ ಕುಡಿಯುವ ನೀರಿನ ಮಿತಿಯ ಮೂರು ಪಟ್ಟು ದಾಟಿತು. ಯಂತ್ರ ಕೆಟ್ಟಿದೆ ಎಂದರು ಮಾವ. ಬಾವಿಯಿಂದ ಬಾವಿಗೆ ನಡೆದೆವು. ಕಡಲ ಕಡೆಯ ಒಂಬತ್ತೂ ಉಪ್ಪಾಗಿ ಕೈಬಿಟ್ಟುಹೋಗಿದ್ದವು. ದಿನಕ್ಕೊಂದು ಹರಳಿನಂತೆ ಏರಿದ ಉಪ್ಪಿಗೆ ಅವರ ನಾಲಿಗೆಯೂ ಬೀದಿಯವರ ನಾಲಿಗೆಯೂ ಒಗ್ಗಿಹೋಗಿದ್ದವು. ಆ ನಾಲಿಗೆಯನ್ನು ನಂಬಿ ಅಷ್ಟೂ ವರ್ಷ ದಿನಕ್ಕೆರಡು ಗಂಟೆ ಪಂಪು ಓಡಿತ್ತು.

"ನಿಂಗೆ ಒಂದೇ ಗುಟುಕಿಗೆ ಗೊತ್ತಾಯ್ತು. ನಂಗ್ಯಾಕೆ ಗೊತ್ತಾಗ್ಲಿಲ್ಲ?" ಎಂದು ಮಾವ ಕೇಳಿದರು.

ಆ ಸಂಜೆಯೇ ಅವರು ಮನೆಮನೆಯ ಬಾಗಿಲಲ್ಲಿ ನಿಂತು, "ನಾನು ತಪ್ಪು ಹೇಳಿದೆ, ಪಂಪು ನಿಲ್ಸಿ," ಎಂದರು. ಯಾರೂ ಬೈಯಲಿಲ್ಲ. ಕೊನೆಯ ಮನೆಯ ದರ್ಜಿ ಹೆಂಗಸು ಮಾತ್ರ ಕಂಕುಳಲ್ಲಿದ್ದ ಕೂಸನ್ನು ನೋಡಿ ಕೇಳಿದಳು: "ಹಾಗಾದ್ರೆ ಹುಟ್ಟಿದಾಗಿನಿಂದ ಇದಕ್ಕೆ ನಾನು ಕುಡಿಸಿದ್ದು ಏನಣ್ಣಾ?"

ಕಳ್ಳರಿಂದ ಊರು ಕೆಡಬಹುದೆಂಬ ಭಯಕ್ಕೆ ನಾವು ಬೀಗ ಹಾಕಿಕೊಳ್ಳುತ್ತೇವೆ. ತನ್ನನ್ನು ತಾನೇ ನಂಬಿದ ಸತ್ಯವಂತನೊಬ್ಬ ಕಾವಲಿಗೆ ನಿಂತರೆ, ಬಾಗಿಲು ತೆರೆದಿಟ್ಟೇ ಮಲಗಿಬಿಡುತ್ತೇವೆ.