ಕವಡೆ ಕಟ್ಟಿದ ಕ್ಯಾಸೆಟ್

ಹಾಡಿನ ತಟ್ಟೆ ಮಾಡುತ್ತಿದ್ದ ಕಂಪನಿಯೊಂದು ಒಂದು ಕಾಲಕ್ಕೆ ವಿಡಿಯೊ ಕ್ಯಾಸೆಟ್ಟನ್ನೂ ಮಾರಿತ್ತು. ಮುಳುಗಿಹೋದ ಆ ದಂಧೆಯ ಇತಿಹಾಸ ಬರೆಯಲು ಅದೇ ಕಂಪನಿಯ ಶಂಕರಲಿಂಗ ಎಂಬವನು ಗೋವಾದ ಪರ್ವರಿಗೆ ಬಂದ. ಬೀಚಿನಲ್ಲಿ ಕನ್ನಡಿ ಚೀಲ ಮಾರುವ ಲಂಬಾಣಿ ಹೆಂಗಸು ಗಂಗೀಬಾಯಿ ಬಾಗಿಲಲ್ಲೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮ ಯಜಮಾನ್ರು ಸೋಮಲಪ್ಪನವರು ನಮ್ಮ ಕಂಪನ್ಯಾಗ ಇದ್ರಲ್ರಿ. ಲಂಬಾಣಿ ಕುಣಿತದ ಕ್ಯಾಸೆಟ್ ನಿಮ್ಮ ಹತ್ರ ಐತಂತ. ನಮ್ಮಲ್ಲಿ ಒಂದೂ ಉಳಿದಿಲ್ಲ."

"ಹ್ಯಾಂಗ ಉಳೀತಾವ್ರಿ? ನೀವ ಅಳಿಸೀರಲ್ಲ."

ಖರೇ ಮಾತು. ಕುಣಿತದ ಕ್ಯಾಸೆಟ್ಟುಗಳು ಮಾರಾಟವಾಗದೆ ಅಂಗಡಿಗಳಿಂದ ವಾಪಸಾದಾಗ, ಕಂಪನಿ ಅವುಗಳ ಮೇಲೆಯೇ ಹೊಡೆದಾಟದ ಸಿನಿಮಾ ತುಂಬಿ ಮತ್ತೆ ಮಾರಿತ್ತು. ತುಂಬುವ ಕೆಲಸ ಸೋಮಲಪ್ಪನದು. ಒಂದನ್ನು ಮಾತ್ರ ಮನೆಗೆ ತಂದು, "ಇದರಾಗ ನಿಮ್ಮವ್ವ ಅದಾಳ" ಎಂದು ಹೆಂಡತಿಯ ಕೈಗಿಟ್ಟಿದ್ದ. ಅವ್ವ ಸೋಮಿಬಾಯಿ ತೀರಿಕೊಂಡಿದ್ದಳು, ಅವಳದೊಂದು ಫೋಟೊ ಕೂಡ ಇರಲಿಲ್ಲ. ನೋಡಲು ಯಂತ್ರವೂ ಇರಲಿಲ್ಲ. ಗಂಗೀಬಾಯಿ ಅದಕ್ಕೆ ಕವಡೆಯ ದಾರ ಕಟ್ಟಿ, ಮಳೆಗಾಲದಲ್ಲಿ ಅಕ್ಕಿ ಡಬ್ಬಿಯೊಳಗೆ ಹುಗಿದು, ದೀಪಾವಳಿಯಲ್ಲಿ ಹಿರಿಯರಿಗೆ ಧೂಪ ಹಾಕುವಾಗ ಅದಕ್ಕೂ ಹಾಕುತ್ತ ಬಂದಿದ್ದಳು. ಗಂಡ ಸತ್ತ ಮೇಲೂ ಅದು ತಪ್ಪಿರಲಿಲ್ಲ.

"ಕೊಡಂಗಿಲ್ರಿ. ಯಂತ್ರ ಇಲ್ಲೇ ತಂದು ನನ್ನ ಕಣ್ಣ ಮುಂದ ಹಚ್ರಿ."

ಮರುದಿನ ಅವನು ಹಳೇ ಪ್ಲೇಯರ್ ಮತ್ತು ಟಿವಿ ಹೊತ್ತು ತಂದ. ಪರದೆಯ ಮೇಲೆ ಬಂದದ್ದು ಹೊಡೆದಾಟ!

ಗಂಗೀಬಾಯಿ ಶಂಕರಲಿಂಗನತ್ತ ದುರುಗುಟ್ಟಿ ನೋಡಿದಳು. ಇವನೇನಾದರೂ ಬದಲಿಸಿದನೇ? ಇಲ್ಲ, ದಾರ ಬಿಚ್ಚಿ ಒಳಗೆ ತೂರಿಸಿದವಳು ತಾನೇ. ಹಾಗಾದರೆ ಮೋಸ ಗಂಡನದು. "ಇಷ್ಟು ವರ್ಷ ಯಾರಿಗೆ ಧೂಪ ಹಾಕಿಸಿದಿ, ಸುಳ್ಳುಗಾರಾ?" ಎಂದು ಗೋಡೆಯ ಮೇಲಿನ ಅವನ ಪಟಕ್ಕೆ ಉಗಿದಳು.

ಪಾಪ ಎನಿಸಿ ಶಂಕರಲಿಂಗ ಗುಂಡಿಯತ್ತ ಕೈ ಚಾಚಿದ. "ಬಂದ್ ಮಾಡ್ತೀನಿ, ಯವ್ವಾ."

"ಕೈ ಹಚ್ಚಬ್ಯಾಡ್ರಿ! ಪೂರಾ ಓಡ್ಲಿ. ಅರ್ಧಕ್ಕ ತಗದು ಏನ್ ಮಾಡ್ತೀರೋ ಯಾರಿಗ್ಗೊತ್ತು."

ಅವನು ಆಕಳಿಸುತ್ತ ಕೂತ. ಕೊನೆಗೂ ಸಿನಿಮಾ ಮುಗಿದು ಪರದೆಯಲ್ಲಿ ಬರೀ ಚುಕ್ಕೆ ಹರಿದಾಡಿದವು. ಆಮೇಲೆ ಇದ್ದಕ್ಕಿದ್ದಂತೆ ಬಳೆಗಳ ಸದ್ದು. ಮೇಲೆ ತುಂಬಿದ ಸಿನಿಮಾ ಕ್ಯಾಸೆಟ್ಟಿನ ಉದ್ದಕ್ಕಿಂತ ಚಿಕ್ಕದಿತ್ತು. ಅಳಿಸದೆ ಉಳಿದ ತುದಿಯಲ್ಲಿ ಹೆಂಗಸರು ಸಾಲಾಗಿ ಕುಣಿಯುತ್ತಿದ್ದರು. ಸಾಲಿನ ಅಂಚಿನಲ್ಲಿ ಸೋಮಿಬಾಯಿ, ಈಗಿನ ಗಂಗೀಬಾಯಿಗಿಂತ ಎಷ್ಟೋ ಚಿಕ್ಕವಳು, ನಗುತ್ತಿದ್ದಳು.

ಗಂಗೀಬಾಯಿ ಬಿಕ್ಕಿ ಬಿಕ್ಕಿ ಅತ್ತಳು. ಪಟದ ಮುಂದೆ ನಿಂತು ಗಲ್ಲ ಗಲ್ಲ ಬಡಿದುಕೊಂಡು, "ತಪ್ಪಾತೋ ಮಾರಾಯಾ" ಎಂದಳು.

ಆಮೇಲೆ ಶಂಕರಲಿಂಗನ ಪಕ್ಕಕ್ಕೆ ಸರಿದು ಕೂತಳು. "ಅವ್ವನ್ನ ಇನ್ನೊಮ್ಮಿ ತೋರಸ್ರಿ. ಹುಷಾರ್ರಿ, ಮತ್ತ ಅಳಿಸಿಬಿಟ್ಟೀರಿ."

ಒಂದು ಕಣ್ಣು ಅವ್ವನ ಮೇಲೆ, ಒಂದು ಕಣ್ಣು ಅವನ ಬೆರಳ ಮೇಲೆ.